ಓದಿ ಹೇಳಿದ ಹಾಳೆ

"ಆ ಮನುಷ್ಯ ಓದಿ ಹೇಳಿದ್ದು ನಿಜ ಕಣೇ. ಇಲ್ಲ ಅಂತ ಹೇಗೆ ಸುಳ್ಳು ಹೇಳಲಿ?"

ನ್ಯಾಯಾಲಯದ ಮೆಟ್ಟಿಲ ಮೇಲೆ ತಾಯಿ ಮತ್ತೆ ಅದೇ ರಾಗ ತೆಗೆದಾಗ ಮಗಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂಬತ್ತು ತಿಂಗಳಿಂದ ಹೊಲಿಗೆ ಅಂಗಡಿಗೆ ಬೀಗ ಹಾಕಿಕೊಂಡು ಅಲೆದಿದ್ದಳು. ಬಂದಾಗಲೆಲ್ಲ ಸಿಕ್ಕಿದ್ದು ಮುಂದಿನ ತಾರೀಕು. ಇವತ್ತು ಕೊನೆಗೂ ವಿಚಾರಣೆ. ಇವತ್ತೇ ಅಮ್ಮನಿಗೆ ಸತ್ಯದ ಮೇಲೆ ಇಷ್ಟೊಂದು ಮೋಹ!

ತಾಯಿ ಇಸ್ತ್ರಿ ಮಾಡಿ ಬದುಕಿದವಳು. ಬಟ್ಟೆಗಂಟು ಹೊತ್ತು ದೋಣಿಯಲ್ಲಿ ಹೊಳೆ ದಾಟಿದ್ದಳು. ಇಳಿಯುವಾಗ ದೋಣಿಯ ಮೆಟ್ಟಿಲು ಮುರಿಯಿತು. ಒಳಗೆಲ್ಲ ಕೊಳೆತು ಹಿಟ್ಟಾಗಿದ್ದ ಮರ. ಬಲಗೈ ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿ ನುಜ್ಜಾಯಿತು. ಈಗ ಆ ಕೈಗೆ ಇಸ್ತ್ರಿ ಪೆಟ್ಟಿಗೆ ಹಾಗಿರಲಿ, ನೀರಿನ ಲೋಟವೂ ಭಾರ.

ಪರಿಹಾರ ಕೇಳಲು ಹೋದರೆ ದೋಣಿ ಕಂಪನಿಯ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟಿದ್ದ. ಅದರ ಮೂರನೇ ಸಾಲು: ಗಾಯವಾದರೂ ಜೀವ ಹೋದರೂ ಕಂಪನಿ ಹೊಣೆಯಲ್ಲ. ಕೆಳಗೆ, ದೋಣಿ ಹತ್ತುವ ಮುಂಚೆ ಒತ್ತಿಸಿಕೊಂಡಿದ್ದ ತಾಯಿಯ ಹೆಬ್ಬೆಟ್ಟು.

"ಅಮ್ಮಂಗೆ ಅಕ್ಷರ ಬರಲ್ಲ ಸಾರ್."

"ಅಂಥವರಿಗೆ ಓದಿ ಹೇಳೋಕೆ ಅಂತಲೇ ಒಬ್ಬನ್ನ ಇಟ್ಟಿದ್ದೀವಲ್ಲಮ್ಮ."

ಆ ಒಬ್ಬನನ್ನು ದಡದಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಮೊದಲು ದೋಣಿಯ ಹಗ್ಗ ಕಟ್ಟುತ್ತಿದ್ದ. ಕಂಠ ಚೆನ್ನಾಗಿದೆಯೆಂದು ಈ ಕೆಲಸಕ್ಕೆ ಹಾಕಿದ್ದರು. ಎಲ್ಲೂ ತಡವರಿಸದೆ, ಗಂಟೆ ಬಾರಿಸಿದ ಹಾಗೆ ಹೇಳಿ ಮುಗಿಸುತ್ತಿದ್ದ.

"ಓದಿ ಹೇಳಲಿಲ್ಲ ಅನ್ನಿ, ಸಾಕು," ಎಂದು ತಾಯಿಯ ಪರ ವಕೀಲ ನೂರು ಸಲ ಹೇಳಿಕೊಟ್ಟಿದ್ದ. "ವಿವರಿಸದೆ ಒತ್ತಿಸಿದ ಹೆಬ್ಬೆಟ್ಟು ಅಂತ ನಾನು ವಾದ ಮಾಡ್ತೀನಿ."

"ಓದಿದ್ರಲ್ಲಪ್ಪ. ಆದ್ರೆ ಹೊಣೆಯಲ್ಲ ಅನ್ನೋ ಮಾತು ಅದರಲ್ಲಿ ಇರ್ಲೇ ಇಲ್ಲ."

"ಇರ್ಲಿಲ್ಲ ಅಂದ್ರೆ ಏನಮ್ಮಾ? ಇಲ್ಲಿ ಅಚ್ಚಾಗಿದೆ, ಕಣ್ಣಿಗೆ ರಾಚ್ತಾ ಇದೆ!" ಎಂದು ಮಗಳು ಹಲ್ಲು ಕಡಿದಿದ್ದಳು.

ಕಟಕಟೆಯಲ್ಲೂ ತಾಯಿ ಬದಲಾಗಲಿಲ್ಲ. ಓದಿ ಹೇಳಿದರು, ಹೌದು. ಹೊಣೆಯಲ್ಲ ಅನ್ನುವ ಮಾತು ಹೇಳಲಿಲ್ಲ, ಅದೂ ಹೌದು. ಕಂಪನಿಯ ವಕೀಲ ಮೃದುವಾಗಿ ನಕ್ಕ. "ವಯಸ್ಸಾಯ್ತಲ್ಲ ತಾಯಿ, ಮರೆತಿದ್ದೀರಿ." ಮಗಳು ಕಣ್ಣು ಮುಚ್ಚಿಕೊಂಡಳು. ಗೆಲ್ಲುವ ಕೇಸನ್ನು ಹೆತ್ತವಳೇ ಹೊಳೆಗೆ ಹಾಕಿದ್ದಳು.

ಆಮೇಲೆ ರೇಡಿಯೋನ ಸರದಿ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

"ಆಣೆ ಮಾಡಿ ಹೇಳ್ತೀನಿ ಸ್ವಾಮಿ. ಒಂದು ಮಾತೂ ಬಿಡದೆ ಹೇಳಿದ್ದೀನಿ."

"ಸುಳ್ಳು!" ಮಗಳು ಎದ್ದು ನಿಂತಳು. ನ್ಯಾಯಾಧೀಶರು ಗದರಿದರು. ಕುಸಿದು ಕೂತಳು.

ನ್ಯಾಯಾಧೀಶರು ಹೆಬ್ಬೆಟ್ಟಿನ ಹಾಳೆಯನ್ನು ಅವನ ಕೈಗೆ ಕೊಡಿಸಿದರು. "ಅವತ್ತು ಹೇಗೆ ಓದಿದ್ರೋ ಹಾಗೇ ಓದಿ, ಕೇಳೋಣ."

ರೇಡಿಯೋ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದ. ಕೋಣೆ ತುಂಬುವಂಥ ದನಿ.

"ಪ್ರಯಾಣಿಕರೇ, ದೋಣಿಯಲ್ಲಿ ಎದ್ದು ನಿಲ್ಲಬಾರದು. ಮಕ್ಕಳ ಕೈ ಬಿಡಬಾರದು. ಗಾಳಿ ಜೋರಾದರೆ ದೋಣಿ ನಡೆಸುವವರ ಮಾತು ಕೇಳಬೇಕು. ನಿಮ್ಮನ್ನು ಕ್ಷೇಮವಾಗಿ ಆಚೆ ದಡ ಮುಟ್ಟಿಸುವ ಹೊಣೆ ಕಂಪನಿಯದು."

"ಹ್ಞಾ, ಇದೇ! ಇದನ್ನೇ ಹೇಳಿದ್ದು," ಎಂದಳು ತಾಯಿ.

ಕಂಪನಿಯ ವಕೀಲನ ಮುಖದ ನಗು ಆರಿತು. ಹಿಂದಿನ ಬೆಂಚಿನಿಂದ ಮ್ಯಾನೇಜರ್ ತಡೆಯಲಾರದೆ ಒದರಿದ: "ಅದು ಹಳೇ ಹಾಳೇದಲ್ವೇನೋ! ಹೊಸದು ಬಂದು ವರ್ಷದ ಮೇಲಾಯ್ತು. ನಿನ್ನ ಕೈಲಿರೋದನ್ನ ಓದೋ!"

ರೇಡಿಯೋ ಹಾಳೆಯನ್ನೊಮ್ಮೆ ನೋಡಿದ, ಮ್ಯಾನೇಜರನ್ನೊಮ್ಮೆ ನೋಡಿದ. ಅಷ್ಟು ದೊಡ್ಡ ದನಿ ಎಲ್ಲಿ ಹೋಯಿತೋ.

"ಬದಲಾಯ್ತು ಅಂತ ನಂಗೆ ಯಾರೂ ಹೇಳ್ಲಿಲ್ಲ ಸಾರ್. ನಂಗೂ ಓದೋಕೆ ಬರಲ್ಲ."