ಬರ್ರಿ, ಕುಂದ್ರಿ

ತನ್ನ ಸರಕನ್ನು ತಾನೇ ಹಳಿಯುವ ಅಂಗಡಿಯವನನ್ನು ಲುಂಬಿನಿ ಎಂದೂ ನೋಡಿರಲಿಲ್ಲ.

"ಇದು ಬ್ಯಾಡ್ರಿ," ಎಂದ ಅವನು, ಕಲ್ಲಿನ ಮೇಜಿನ ಮೇಲೆ ಸಾಲಾಗಿದ್ದ ನಾಲ್ಕು ಕ್ಯಾಮೆರಾಗಳಲ್ಲಿ ಮೊದಲನೆಯದನ್ನು ಅಂಚಿಗೆ ಸರಿಸುತ್ತ. "ಹಿಂದಿನ ಬಾಗಲದ ಸ್ಪಂಜು ಕರಗ್ಯಾದ. ಬೆಳಕು ಸೋರ್ತದ. ರೀಲೆಲ್ಲಾ ಹಾಳು."

ಎರಡನೆಯದಕ್ಕೆ ಬೇಕಾದ ಬ್ಯಾಟರಿಯನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ. ಮೂರನೆಯದು ಇಟ್ಟಿಗೆಯಷ್ಟು ಭಾರ.

ವಾಡಿ ಸ್ಟೇಷನ್ನಿನ ಹಿಂದಿನ ಈ ಹಳೆಯ ಅಂಗಡಿಯ ಸುದ್ದಿ ಕೇಳಿ ಅವಳು ಶಹಾಬಾದಿನಿಂದ ಪ್ಯಾಸೆಂಜರ್ ಹಿಡಿದು ಬಂದಿದ್ದಳು. ಹೊಸಿಲಲ್ಲಿ ಬೂಟು ಬಿಚ್ಚಿ, ಸೆಕೆ ತಾಳಲಾರದೆ ಬಾಗಿಲ ಪಕ್ಕದ ಸ್ವಿಚ್ಚು ಒತ್ತಿ ತಾನೇ ಫ್ಯಾನು ಹಾಕಿಕೊಂಡಾಗ, ಸ್ಟೂಲಿನ ಮೇಲಿದ್ದ ಅವನು ಗಡಬಡಿಸಿ ಎದ್ದಿದ್ದ. ಅವನ ಕಾಲಿಗೆ ತಾಗಿ ಬೆನ್ನಚೀಲವೊಂದು ಉರುಳಿತ್ತು.

"ಬರ್ರಿ, ಕುಂದ್ರಿ. ನಿಮ್ಮ ದಾರೀನ ನೋಡಾಕತ್ತಿದ್ದೆ."

ಪಾಪ, ಗಿರಾಕಿ ಕಾಣದ ಅಂಗಡಿ, ಎಂದುಕೊಂಡಿದ್ದಳು ಲುಂಬಿನಿ.

ಆಮೇಲೆ ಅವನು ಹೇಳಿದ್ದು ಅವಳನ್ನು ಬೆರಗಾಗಿಸಿತ್ತು. "ರೀಲಿನ ಕ್ಯಾಮೆರಾ. ಸಣ್ಣದು. ಗುಡ್ಡ ಹತ್ತುವಾಗ ಭಾರ ಆಗಬಾರದು, ಕಿಸೇದಾಗ ಕುಂದ್ರಬೇಕು." ಅವಳಿನ್ನೂ ಬಾಯಿಯೇ ತೆರೆದಿರಲಿಲ್ಲ. ಹೊಸಿಲಲ್ಲಿ ಬಿಟ್ಟ ಬೂಟಿನ ಮಣ್ಣು ಸುಳಿವು ಕೊಟ್ಟಿರಬೇಕು.

"ಹೌದ್ರಿ," ಎಂದಿದ್ದಳು. "ಅಂಥಾದ್ದ."

ಬರುವ ಆದಿತ್ಯವಾರ ಅವಳು ಒಬ್ಬಳೇ ಚಿಂಚೋಳಿ ಕಾಡಿಗೆ ಹೋಗುವವಳಿದ್ದಳು. ಹೋದ ಚಳಿಗಾಲದಲ್ಲಿ ಕಾಲೇಜಿನ ಸಹೋದ್ಯೋಗಿಗಳ ಹಿಂಡಿನೊಡನೆ ಹೋಗಿ, ದಾರಿಯುದ್ದಕ್ಕೂ ಸೆಲ್ಫಿಗೆ ಹಲ್ಲು ಕಿರಿದು ಬಂದಿದ್ದಳು. ಫೋನು ತುಂಬ ಚಿತ್ರಗಳಿದ್ದವು; ಒಂದರಲ್ಲೂ ಕಾಡಿರಲಿಲ್ಲ. ಈ ಸಲ ಫೋನು ಮನೆಯಲ್ಲಿ. ಒಂದು ರೀಲು, ಅದರಲ್ಲಿ ಹಿಡಿಸುವಷ್ಟು ಚಿತ್ರ, ಮಿಕ್ಕಿದ್ದೆಲ್ಲ ಮೌನ.

ಅಡ್ಡ ಬಂದವಳು ಅವ್ವ ಲಾಲಮ್ಮ. "ಫೋನೂ ಇಲ್ಲ, ಮನಷಾರೂ ಇಲ್ಲ? ಜೋಡಿ ಇದ್ರ ಹೋಗು. ಇಲ್ಲಂದ್ರ ಸುಮ್ನ ಮನ್ಯಾಗ ಕುಂದ್ರು."

"ಮಾತಾಡದ ಜೋಡಿ ಬೇಕವ್ವಾ ನನಗ."

"ಅಂಥಾದ್ದು ಅಂಗಡ್ಯಾಗ ಮಾರ್ತಾರೇನು?"

ಲುಂಬಿನಿ ಬೂಟು ಮೆಟ್ಟಿಕೊಂಡಿದ್ದಳು. ಮೊದಲು ಕ್ಯಾಮೆರಾ ಕೈಗೆ ಬರಲಿ, ಅವ್ವನನ್ನು ಆಮೇಲೆ ಒಪ್ಪಿಸಿದರಾಯಿತು ಎಂದು ಹೊರಟುಬಂದಿದ್ದಳು.

ಈಗ ನೋಡಲು ನಾಲ್ಕನೆಯದೊಂದೇ ಉಳಿದಿತ್ತು. ಅಂಗೈಯಗಲದ್ದು. ಮಸೂರದ ಸುತ್ತ ಜೇನುಗೂಡಿನಂಥ ಗಾಜಿನ ಬಳೆ. ಬಿಸಿಲೇ ಅದರ ಬ್ಯಾಟರಿ. ಇದೇ ಬೇಕು ಎನ್ನಿಸಿತು ಅವಳಿಗೆ. ಆದರೆ ಮನಸ್ಸಿಗೆ ಬಂದದ್ದನ್ನು ಮುಖದಲ್ಲಿ ತೋರಿಸಿದರೆ ದರ ಏರುತ್ತದೆ. ಅವಳು ಆಕಳಿಸಿದಳು.

ಅವನ ಕಣ್ಣೂ ಅದರ ಮೇಲೆ ಒಂದು ಕ್ಷಣ ನಿಂತು, ಚಟ್ಟನೆ ಗೋಡೆಗೆ ಹೊರಳಿತು. ಪಕ್ಕಾ ವ್ಯಾಪಾರಿ, ಎಂದುಕೊಂಡಳು.

"ಭಾಳ ಹಳೇದಾಗ್ಯಾದ," ಎಂದಳು.

"ಭಾಳಂದ್ರ ಭಾಳ," ಅವನು ಕೂಡಲೇ ಒಪ್ಪಿದ. "ಈ ಗೀರು ನೋಡ್ರಿ."

ಅವಳು ಕಣ್ಣಿಗೆ ಹಿಡಿದು ಗುಂಡಿ ಒತ್ತಿದಳು. ಸದ್ದಿಲ್ಲ. ಕಿಂಡಿಯೊಳಗೆ ಕೆಂಪು ನಾಲಿಗೆಯೊಂದು ಮೇಲೆದ್ದಿತು. "ಕೆಟ್ಟದ."

"ಕೆಟ್ಟಿರಬೇಕು," ಎಂದ ಅವನು, ಆಸೆಯಿಂದ.

ಅನುಮಾನ ಬಂದು ಅವಳು ಬಾಗಿಲಿಗೆ ಹೋದಳು. ಹೊರಗೆ ಸುಣ್ಣದಂಥ ಬಿಸಿಲು. ಹಳಿಗಳತ್ತ ಹಿಡಿದು ಮತ್ತೆ ಒತ್ತಿದಳು. ಈ ಸಲ ಸದ್ದಾಯಿತು. ಒಣಗಿದ ತೊಗರಿಕಾಯಿ ಒಡೆದಷ್ಟೇ.

ಗೂಡ್ಸ್ ಗಾಡಿಯೊಂದು ಸಿಮೆಂಟು ಹೊತ್ತು ಹಾದುಹೋಯಿತು. ಅದು ಹೋದ ಮೇಲೂ ಅವನು ಮಾತಾಡಲಿಲ್ಲ. ಮೌನವನ್ನು ಕಂಡರೆ ಅದರೊಳಗೆ ಏನಾದರೂ ತುರುಕುವವರನ್ನೇ ಅವಳು ಇಷ್ಟು ದಿನ ಕಂಡಿದ್ದಳು.

"ಬೆಳಕು ಸಾಲಲಿಲ್ಲಂದ್ರ ಬಾಯಿ ಬಿಡಂಗಿಲ್ಲ ಇದು," ಎಂದ ಕೊನೆಗೆ.

"ಛಲೋ ಗುಣ."

"ಮನಷಾರಿಗೂ ಇದ್ರ ಛಲೋ ಇತ್ತು."

ಅವಳು ನಗು ನುಂಗಿಕೊಂಡಳು. "ಚಿಂಚೋಳಿ ಕಾಡಿಗೆ ನಡೀತದೇನ್ರಿ?"

ಅವನು ಅವಳನ್ನೇ ದಿಟ್ಟಿಸಿದ. "ಅಲ್ಲಿಗಂತನ ಹುಡುಕಾಕತ್ತೀನ್ರಿ."

ಗಿರಾಕಿಯ ಕಷ್ಟವನ್ನು ತನ್ನದೇ ಎಂದುಕೊಳ್ಳುವವ. ಇಂಥವನ ಅಂಗಡಿ ಹೇಗೆ ನಡೆದೀತು?

"ಗ್ಯಾರಂಟಿ?"

"ಅದನ್ನ ನೀವ ಹೇಳಬೇಕ್ರಿ."

ಜಾಣ. "ಮತ್ತ ದರ?"

"ಅದನ್ನೂ ನೀವ ಹೇಳ್ರಿ."

ಅವಳು ತನಗೇ ನಾಚಿಕೆಯಾಗುವಷ್ಟು ಕಡಿಮೆ ದರ ಹೇಳಿದಳು. ಚೌಕಾಸಿ ಅಲ್ಲಿಂದ ಶುರುವಾಗಲಿ ಎಂದು. ಆದರೆ ಅವನ ಮುಖ ಅರಳಿತು.

"ಆತ್ರಿ! ಎರಡನೇ ಮಾತಿಲ್ಲ."

ಲುಂಬಿನಿಗೆ ಕಸಿವಿಸಿಯಾಯಿತು. ಮೋಸ ಮಾಡುತ್ತಿದ್ದೇನೆಯೇ? "ಇನ್ನೊಮ್ಮೆ ವಿಚಾರ ಮಾಡ್ರಿ. ಆಮ್ಯಾಲ ಲುಕ್ಸಾನಾತು ಅನಬ್ಯಾಡ್ರಿ."

"ನನಗೆಂಥಾ ಲುಕ್ಸಾನ್ರಿ? ನೀವ ಮನಸ ಬದಲಿ ಮಾಡಬ್ಯಾಡ್ರಿ, ಅಷ್ಟ."

ಇನ್ನು ತಡಮಾಡಿದರೆ ತನ್ನ ಮನಸ್ಸೇ ತನ್ನನ್ನು ಕುಟುಕುತ್ತದೆ ಎನ್ನಿಸಿ, ಅವಳು ಪರ್ಸು ತೆರೆದಳು. ಕಲ್ಲಿನ ಮೇಜಿನ ಮೇಲೆ ಕೈ ಚಾಚಿದಳು.

ಎದುರಿನಿಂದಲೂ ಒಂದು ಕೈ ಚಾಚಿತು. ಅದರಲ್ಲೂ ನೋಟುಗಳಿದ್ದವು.

ಇಬ್ಬರೂ ಕೈ ಹಿಂತೆಗೆಯಲಿಲ್ಲ.

ಅಷ್ಟರಲ್ಲಿ ಚಹದ ಕೆಟಲಿ ಹಿಡಿದು ಹೊಸಿಲು ದಾಟಿದ ಇಮಾಮ್ಬೀ, ತನ್ನ ಅಂಗಡಿಯಲ್ಲಿ ಮೂಕರಂತೆ ನಿಂತ ಗಿರಾಕಿಗಳಿಬ್ಬರನ್ನೂ, ನಡುವಿನ ಒಂದೇ ಕ್ಯಾಮೆರಾವನ್ನೂ ನೋಡಿ, "ಬರ್ರಿ, ಕುಂದ್ರಿ," ಎಂದಳು. "ಜೋಡಿಗೆ ಒಂದ ಸಾಕೇನ್ರಿ?"