ಸುಟ್ಟರೆ ಹೇಳಬೇಕು

ಆಸ್ಪತ್ರೆಯಲ್ಲಿ, ರೋಗಿಯ ಎದೆಯ ಮೇಲಿದ್ದ ಬಿಸಿ ಯಂತ್ರದ ನೀರಿನ ಚೀಲವನ್ನು ಎತ್ತಿದ ಟೆಕ್ನೀಷಿಯನ್ ಹಾಗೇ ನಿಂತುಬಿಟ್ಟಳು. ಚರ್ಮದ ಮೇಲೆ ಕಡಲೆಕಾಳಿನಷ್ಟು ದಪ್ಪದ ಬೊಬ್ಬೆ ಎದ್ದಿತ್ತು.

"ಅಮ್ಮಾ, ಇದು ಸುಡ್ತಿರಲಿಲ್ವಾ?"

"ಸುಡ್ತಿತ್ತು."

"ಮತ್ತೆ ಹೇಳೋದಲ್ವಾ?"

"ಅಷ್ಟಕ್ಕೆಲ್ಲ ಏನು ಹೇಳೋದು," ಎಂದಳು ಆ ಹೆಂಗಸು, ಮಂಚದ ಮೇಲೆ ಎದ್ದು ಕೂರುತ್ತಾ. "ಇಸ್ತ್ರಿ ಅಂಗಡಿಯವಳು ನಾನು. ಸುಕ್ಕು ಹಟ ಹಿಡಿದ್ರೆ ಬಿಸಿ ಏರಿಸಿ ಒತ್ತಬೇಕು. ನೀನು ಇಟ್ಟಿರೋದು ಸಾಲ್ತಿಲ್ಲ, ಇನ್ನೂ ಸ್ವಲ್ಪ ಏರಿಸು ಅಂತ ನಾನೇ ಹೇಳೋಣ ಅಂತಿದ್ದೆ."

ಅವಳ ಚಪ್ಪಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡ ಹೆಮ್ಮೆಯಿಂದ ನಕ್ಕ. "ಅವಳು ಹಾಗೇ ಕಣಮ್ಮ. ಅಂಗಡೀಲಿ ಒಂದು ದೊಡ್ಡ ಇಸ್ತ್ರಿ ಪೆಟ್ಟಿಗೆ ಇದೆ. ನಾನು ಎತ್ತಿದ್ರೆ ಸಂಜೆಗೆ ಭುಜ ಹಿಡ್ಕೊಳ್ಳುತ್ತೆ. ಇವಳ ಕೈಗೆ ಅದು ಹೂವು."

ಟೆಕ್ನೀಷಿಯನ್ ನಗಲಿಲ್ಲ. ಬೊಬ್ಬೆಗೆ ಮುಲಾಮು ಹಚ್ಚುತ್ತಾ ಇಬ್ಬರಿಗೂ ಕೇಳುವಂತೆ ಹೇಳಿದಳು. "ಇದು ಸುಕ್ಕಲ್ಲ ಅಮ್ಮ. ಒಳ್ಳೇ ಜಾಗದಲ್ಲಿ ರಕ್ತ ಸಲೀಸಾಗಿ ಓಡುತ್ತೆ, ಬಿಸೀನ ಹೊತ್ಕೊಂಡು ಹೋಗುತ್ತೆ. ಕ್ಯಾನ್ಸರ್ ಗಡ್ಡೆಯೊಳಗೆ ರಕ್ತನಾಳ ಎಲ್ಲಾ ಸಿಕ್ಕುಸಿಕ್ಕು, ಬಿಸಿ ಅಲ್ಲೇ ಕೂತುಬಿಡುತ್ತೆ. ಅದು ಹಾಗೆ ಸುಸ್ತಾಗಿರೋವಾಗ ರೇಡಿಯೇಷನ್ ಕಿರಣ ಕೊಟ್ರೆ, ಆದ ಪೆಟ್ಟನ್ನ ರಿಪೇರಿ ಮಾಡ್ಕೊಳ್ಳೋಕೆ ಅದರ ಕೈಲಿ ಆಗಲ್ಲ. ನಮಗೆ ಬೇಕಾಗಿರೋದು ಒಂದು ಜೋರು ಜ್ವರದಷ್ಟು ಬಿಸಿ, ಅಷ್ಟೇ. ನಿಮ್ಮನ್ನ ಸುಡೋದಲ್ಲ."

"ಯಂತ್ರಕ್ಕೆ ಗೊತ್ತಾಗಲ್ವಾ?" ಗಂಡ ಕೇಳಿದ.

"ತಂತಿಗಳನ್ನ ಇಟ್ಟಿರ್ತೀವಿ. ಅವು ಇರೋ ಜಾಗದ ಬಿಸಿ ಮಾತ್ರ ಅವು ಹೇಳ್ತವೆ. ಮಿಕ್ಕಿದ್ದೆಲ್ಲ ಅಮ್ಮನೇ ಹೇಳಬೇಕು."

ಡಾಕ್ಟರು ಬಂದು ನೋಡಿದರು. ಆಪರೇಷನ್ ಆದ ಜಾಗದಲ್ಲೇ ಗಡ್ಡೆ ಮತ್ತೆ ತಲೆ ಎತ್ತಿತ್ತು. ಅಲ್ಲಿಗೆ ಹಿಂದೆಯೇ ಕಿರಣ ಕೊಟ್ಟಾಗಿದ್ದರಿಂದ ಈಗ ಹೆಚ್ಚು ಕೊಡುವಂತಿರಲಿಲ್ಲ. ಕೊಡುವ ಸ್ವಲ್ಪ ನಾಟಬೇಕೆಂದರೆ ಮೊದಲು ಬಿಸಿ ಬೇಕೇ ಬೇಕು. "ಇದು ಮಾಯಲಿ, ಮತ್ತೆ ಶುರು ಮಾಡೋಣ. ಆದ್ರೆ ಇನ್ನೊಂದು ಸಲ ಹೀಗಾದ್ರೆ ಬಿಸಿ ನಿಲ್ಲಿಸಿಬಿಡಬೇಕಾಗುತ್ತೆ," ಎಂದರು. ಗಂಡನ ಮುಖದ ಹೆಮ್ಮೆ ಇಳಿದುಹೋಯಿತು.

ಸಂಜೆ ಅಂಗಡಿಯಲ್ಲಿ ಅವನು ಗಿರಾಕಿಯೊಬ್ಬರ ರೇಷ್ಮೆ ಅಂಗಿಯನ್ನು ಮೇಜಿನ ಮೇಲೆ ಹರಡಿ, ಏನೂ ಅರಿಯದವನಂತೆ ಕೇಳಿದ. "ಇದಕ್ಕೆ ಬಿಸಿ ಜಾಸ್ತಿ ಆಯ್ತು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ಇದೇನ್ರೀ ಹೊಸ ಪರೀಕ್ಷೆ? ಕೂದಲು ಸುಟ್ಟ ಹಾಗೆ ವಾಸನೆ ಬರುತ್ತಲ್ಲ. ತಕ್ಷಣ ಪೆಟ್ಟಿಗೆ ಎತ್ತಿಬಿಡ್ತೀನಿ."

"ಅಂದ್ರೆ ಬಟ್ಟೆಯೇ ಹೇಳುತ್ತೆ."

"ಹೂಂ."

"ಈ ಬಟ್ಟೆಗಿರೋ ಬಾಯೂ ನಿಂಗಿಲ್ವಲ್ಲೇ," ಎಂದ. ಅವಳು ತಲೆ ತಗ್ಗಿಸಿ, ಅಂಗಿಯ ಕಾಲರಿನ ಮೇಲೆ ಒದ್ದೆ ಬಟ್ಟೆ ಹಾಸಿದಳು.

ಬೊಬ್ಬೆ ಮಾಯ್ದು ಮತ್ತೆ ಆಸ್ಪತ್ರೆಗೆ ಹೋದ ದಿನ ಅವನು ಗಾಜಿನ ಕಿಟಕಿಯ ಈಚೆ ಕೂತ. ಆಚೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಟೆಕ್ನೀಷಿಯನ್ ಅವನ ಪಕ್ಕದಲ್ಲೇ ಯಂತ್ರದ ಗುಂಡಿಗಳ ಮುಂದೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಹೆಂಡತಿಯ ಕಾಲಿನ ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಮಡಚಿಕೊಂಡಿತು. ಮಗಳು ಹುಟ್ಟಿದ ದಿನ ಅವನು ಅದನ್ನು ಕಂಡಿದ್ದ; ಅವಳು ನೋವು ನುಂಗುವ ರೀತಿಯೇ ಅದು. ಅವನು ದಡಬಡಿಸಿ ಎದ್ದು ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿನ ಸ್ಪೀಕರಿನಿಂದ ಅವಳ ದನಿ ಬಂತು, ಯಾರದೋ ಅಪ್ಪಣೆ ಕೇಳುವಂತೆ.

"ಎಡಗಡೆ... ಒಂಚೂರು ಸುಡ್ತಿದೆ ಕಣಮ್ಮ."

ಟೆಕ್ನೀಷಿಯನ್ ಬಿಸಿ ಇಳಿಸಿದಳು. "ಈಗ?"

"ಈಗ ತಡೀಬಹುದು."

"ತಡೀಬಹುದು ಅನ್ನೋದು ಬೇಡ. ಹಿತವಾಗಿದೆಯಾ?"

ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲವೇನೋ. "ಹಿತವಾಗಿದೆ," ಎಂದಳು. ತುಸು ತಡೆದು, "ಆದ್ರೆ ಈ ದಿಂಬು ಕಲ್ಲಿನ ಹಾಗಿದೆ."

ಟೆಕ್ನೀಷಿಯನ್ ಜೋರಾಗಿ ನಕ್ಕಳು. ಗಾಜಿನಾಚೆ ಹೆಬ್ಬೆರಳು ನೆಟ್ಟಗಾಯಿತು. ಅವನು ಕುರ್ಚಿಯಲ್ಲಿ ಕುಸಿದು ಕೂತು, ಕೈಯಲ್ಲಿದ್ದ ಅವಳ ಶಾಲಿನಿಂದಲೇ ಮುಖ ಒರೆಸಿಕೊಂಡ. ಚೀಲ ಎತ್ತಿದಾಗ ಚರ್ಮ ಬರೀ ಕೆಂಪಾಗಿತ್ತು, ಒಲೆಯ ಮುಂದೆ ಕೂತೆದ್ದವರ ಕೆನ್ನೆಯಂತೆ. ಅಲ್ಲಿಂದ ನೇರ ಕಿರಣದ ಕೋಣೆಗೆ ಕರೆದುಕೊಂಡು ಹೋದರು.

ಎಲ್ಲ ಮುಗಿದು ಬಸ್ ನಿಲ್ದಾಣದಲ್ಲಿ ಕೂತಾಗ ಹೊತ್ತು ಇಳಿಯುತ್ತಿತ್ತು. ಅಂಗಡಿಯಲ್ಲಿ ಒಂದು ರಾಶಿ ಬಟ್ಟೆ ಕಾಯುತ್ತಿತ್ತು. ಅವಳು ರಸ್ತೆಯನ್ನೇ ನೋಡುತ್ತಾ ಕೇಳಿದಳು. "ರೀ, ಒಂದು ಮಾತು ಹೇಳಲಾ? ಬೇಜಾರು ಮಾಡ್ಕೋಬಾರದು."

"ಹೇಳು."

"ಆ ದೊಡ್ಡ ಪೆಟ್ಟಿಗೆ ಇದೆಯಲ್ಲ, ಅದು ನಂಗೆ ಯಾವತ್ತೂ ಹೂವಾಗಿರಲಿಲ್ಲ."

ಬಸ್ಸು ಬಂದು ಎದುರಿಗೇ ನಿಂತಿತು. ಕಂಡಕ್ಟರ್ ಕೂಗಿದ. ಅವನು ಅತ್ತ ತಿರುಗಲೇ ಇಲ್ಲ. ಅವಳ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸನ್ನು ಹೋಗಲು ಬಿಟ್ಟು ಹೇಳಿದ.

"ಆಮೇಲೆ? ಇನ್ನೂ ಏನೇನಿದೆ, ಹೇಳು."