ಬೇಗ ತಲುಪಿದ ಸೀರೆ

ಊರುಗಳ ನಡುವಿನ ದೂರ ವರ್ಷವರ್ಷವೂ ಹಿಗ್ಗತೊಡಗಿದ ಮೇಲೆ ಹುಬ್ಬಳ್ಳಿಯಿಂದ ಕಲಬುರಗಿಗೆ ವಿಮಾನದಲ್ಲೇ ಏಳು ತಿಂಗಳು ಹಿಡಿಯುತ್ತಿತ್ತು. ಜನ ಚಾದರ, ಶೇಂಗಾಚಟ್ನಿ ಕಟ್ಟಿಕೊಂಡು ಹತ್ತುತ್ತಿದ್ದರು. ಸಾವಿನ ಸುದ್ದಿ ಕೇಳಿ ಹೊರಟರೆ ಏನೂ ಉಪಯೋಗವಿರಲಿಲ್ಲ. ಆದರೆ ಹೆಣ್ಣುಮಗಳು ತೀರಿಕೊಂಡರೆ ಮೈಮೇಲೆ ತವರಿನ ಸೀರೆ ಬೀಳಲೇಬೇಕು. ಹಾಗಾಗಿ ಅಕ್ಕ ನೀಲಗಂಗವ್ವ ಹಾಸಿಗೆ ಹಿಡಿದಳೆಂದು ತಿಳಿದ ದಿನವೇ ಚನವೀರಪ್ಪ ಹಸಿರು ಇಳಕಲ್ ಸೀರೆ ಕೊಂಡು ವಿಮಾನ ಹತ್ತಿದ್ದ.

ಕಲಬುರಗಿಯಲ್ಲಿ ಇಳಿದು ಮನೆ ಮುಟ್ಟಿದಾಗ ಬಾಗಿಲು ತೆರೆದವಳು ಅಕ್ಕನೇ. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು.

"ಆರಾಮ ಆದ್ಯಾ ಅಕ್ಕಾ?" ಚನವೀರಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿದ.

"ನೀ ವಿಮಾನ ಹತ್ತಿದ ವಾರದಾಗ ಎದ್ದು ಕುಂತೆ. ನಿನಗ ಹೆಂಗ ತಿಳಿಸ್ಲಿ? ಒಳಗ ಬಾ."

ಅವಳು ಚೀಲ ಇಸಿದುಕೊಂಡು ಸೀರೆ ಹೊರತೆಗೆದಳು. ಅದು ಯಾತಕ್ಕೆ ಬಂದ ಸೀರೆಯೆಂದು ಅವಳಿಗೆ ಗೊತ್ತಿತ್ತು.

"ಟ್ರಂಕಿನ್ಯಾಗ ಇಟ್ಟಿರು," ಅವನು ತಲೆ ತಗ್ಗಿಸಿದ. "ಹೊಳ್ಳಿ ಹೋಗಾಕ ಈಗ ಒಂಬತ್ತು ತಿಂಗಳಂತ. ನನಗೂ ವಯಸ್ಸಾತು. ಇನ್ನೊಮ್ಮೆ ಬರಾಕ ಆಗೂದಿಲ್ಲ."

"ಗೊತ್ತೈತಿ. ಇಲ್ಲೇ ಇರು ಅಂದ್ರ ಅಲ್ಲಿ ನಿನ್ನ ಹೇಣ್ತಿ ದಾರಿ ಕಾಯತಿರ್ತಾಳ."

ನೀಲಗಂಗವ್ವ ಕೈ ತೊಳೆದುಕೊಂಡು ಒಳಕೋಣೆಗೆ ಹೋದಳು. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರತೊಡಗಿತು. ಹೊರಬಂದಾಗ ಅದೇ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದಿದ್ದಳು.

"ಆವತ್ತ ನೀ ಇರೂದಿಲ್ಲ," ಎಂದು ತಮ್ಮನ ಎದುರು ಕೂತಳು. "ಕಣ್ತುಂಬ ನೋಡ್ಕೋ. ಅಳೂದನ್ನೂ ಇವತ್ತ ಮುಗಿಸಿ ಹೋಗು."